ಮಳೆಗಾಲದಲ್ಲಿ ಬಂಪರ್‌ಗೆ ಸ್ಪ್ರೇ ಹೊಡೆಯಬಹುದಾ?

ಮಡಿಕೇರಿಯಲ್ಲಿ ಜುಲೈನಲ್ಲೇ ಕ್ಯಾನ್‌ನಿಂದ ಬಂಪರ್‌ಗೆ ಬಣ್ಣ ಹೊಡೆಯಬಹುದಾ, ಹೋದ ಸಲದ್ದು ಸಿಪ್ಪೆಯ ಹಾಗೆ ಎದ್ದು ಬಂದದ್ದು ಯಾಕೆ ಅಂತ ಕೇಳಿದ್ದೀರಿ.

ಈಗ ಬೇಡ ಸರ್. ಗಾಳಿಯಲ್ಲಿ ತೇವ ಜಾಸ್ತಿ ಇದ್ದರೆ ಒಣಗುವ ಬಣ್ಣದ ಮೇಲೆ ನೀರಿನ ಪಸೆ ಕೂತು ಹಾಲಿನಂಥ ಮಬ್ಬು ಬರುತ್ತದೆ. ಶೆಡ್ ಒಳಗೇ ಹೊಡೆದರೂ ತಪ್ಪಲಿಲ್ಲ, ನಾನು ಅನುಭವಿಸಿದ್ದೇನೆ. ಡಿಸೆಂಬರ್, ಜನವರಿಯಲ್ಲಿ ಮಂಜು ಹರಿದು ಬಿಸಿಲು ಏರಿದ ಮೇಲೆ ಶುರು ಮಾಡಿ. ಕಾಫಿ ಹರವಿದ ಕಣದ ಹತ್ತಿರ ಮಾತ್ರ ಬೇಡ. ಧೂಳು ಅಂಟುತ್ತದೆ, ಮನೆಯಲ್ಲಿ ಬೈಗುಳವೂ ಗ್ಯಾರಂಟಿ.

ಸಿಪ್ಪೆ ಏಳುವುದಕ್ಕೆ ಕಾರಣ ಬೇರೆ ಇರಬೇಕು. ಬಂಪರ್ ಹೆಚ್ಚಾಗಿ ಪಾಲಿಪ್ರೊಪಿಲೀನ್ ಪ್ಲಾಸ್ಟಿಕ್. ಅದಕ್ಕೆ ಬಣ್ಣ ಸುಮ್ನೆ ಹಿಡಿಯುವುದಿಲ್ಲ. ಮೊದಲು ಸೋಪು ನೀರಲ್ಲಿ ತೊಳೆಯಿರಿ, ಪಾಲಿಶ್ ಜಿಡ್ಡು ಪೂರ್ತಿ ಹೋಗಬೇಕು. ಎದ್ದ ಬಣ್ಣವನ್ನೆಲ್ಲ 400 ನಂಬರ್ ವಾಟರ್ ಪೇಪರ್‌ನಲ್ಲಿ (ನೀರು ಹಾಕಿ ಉಜ್ಜುವ ಮರಳು ಕಾಗದ) ಉಜ್ಜಿ ತೆಗೆಯಿರಿ. ಬರೀ ಪ್ಲಾಸ್ಟಿಕ್ ಕಂಡ ಕಡೆ ಪ್ಲಾಸ್ಟಿಕ್ ಪ್ರೈಮರೇ ಬೇಕು. ಕಬ್ಬಿಣದ ಗೇಟಿಗೆ ಹಾಕುವ ಪ್ರೈಮರ್ ಅಲ್ಲ!

ಬಣ್ಣವನ್ನು 20–25 ಸೆಂ.ಮೀ. ದೂರದಿಂದ ತೆಳುವಾಗಿ ಮೂರು ಕೋಟ್ ಹೊಡೆಯಿರಿ, ನಡುನಡುವೆ ಹತ್ತು ನಿಮಿಷ ಬಿಡಿ. ಕೊನೆಗೆ ಕ್ಲಿಯರ್ ಕೋಟ್, ಅಂದರೆ ಬಣ್ಣವಿಲ್ಲದ ಪಾರದರ್ಶಕ ಪದರ. ಮಾಸ್ಕ್ ಹಾಕಿಕೊಳ್ಳಿ.

ಅಂದ ಹಾಗೆ, ನಿಮ್ಮ ಗಾಡಿ ಬಿಳಿಯಾ, ಸಿಲ್ವರಾ? ಸಿಲ್ವರ್ ಆದರೆ ಶೇಡ್ ಹೊಂದಿಸುವುದು ಕಷ್ಟ, ಪೂರ್ತಿ ಬಂಪರ್‌ಗೇ ಹೊಡೆಯಿರಿ.