ಪ್ರೇಮದ ಲೇಖನದಲ್ಲಿ ಪ್ರೇಮ ಎಲ್ಲಿ?

ನಮಸ್ಕಾರ. ಅಮೆರಿಕದ ಕಪ್ಪು ಗೇ ಗಂಡಸರ ಪ್ರೇಮ ಸಿನಿಮಾ, ಕಾದಂಬರಿಗಳಲ್ಲಿ ಹೇಗೆ ಬಂದಿದೆ ಅಂತ ನೀವು ಬರೆದು ಕಳಿಸಿದ ಲೇಖನ ಪೂರ್ತಿ ಓದಿದೆ. ಈಗಿರುವ ಹಾಗೆ ಪ್ರಕಟಿಸಲು ಆಗುವುದಿಲ್ಲ. ಆದರೆ ವಿಷಯ ಒಳ್ಳೆಯದು, ನೀವು ಇದನ್ನು ಮನಸ್ಸಿಟ್ಟು ನೋಡಿದ್ದೀರಿ, ಹಾಗಾಗಿ ‘ವಿಷಾದಿಸುತ್ತೇವೆ’ ಅಂತ ಒಂದು ಸಾಲು ಹಾಕಿ ಕೈತೊಳೆದುಕೊಳ್ಳದೆ ಇಷ್ಟುದ್ದ ಬರೆಯುತ್ತಿದ್ದೇನೆ.

ನನ್ನ ದೊಡ್ಡ ತಕರಾರು ಒಂದೇ. ದಮನ, ಶೋಷಣೆ, ಅಂಚು, ಅಸ್ಮಿತೆ ಇವೆಲ್ಲ ಪ್ರತಿ ಪುಟದಲ್ಲೂ ಬರುತ್ತವೆ. ಇಬ್ಬರು ಗಂಡಸರು ಒಬ್ಬರಿಗೊಬ್ಬರು ಕಾಯುವ, ನೋಡುವ, ಮುಟ್ಟುವ ಒಂದೇ ಒಂದು ಗಳಿಗೆ ಇಲ್ಲ. ಪ್ರೇಮದ ಬಗ್ಗೆ ಬರೆಯುತ್ತೇನೆ ಅಂತ ಹೊರಟವರು ನೀವೇ ಅಲ್ವಾ?

‘ಮೂನ್‌ಲೈಟ್’ (2016) ಸಿನಿಮಾನೇ ತೆಗೆದುಕೊಳ್ಳಿ. ಆಸ್ಕರ್ ವೇದಿಕೆಯಲ್ಲಿ ಲಕೋಟೆ ಅದಲುಬದಲಾಗಿ ಮೊದಲು ‘ಲಾ ಲಾ ಲ್ಯಾಂಡ್’ ಹೆಸರು ಕೂಗಿದ್ದಕ್ಕೆ ಅರ್ಧ ಪುಟ ಕೊಟ್ಟಿದ್ದೀರಿ. ಅದು ಎಲ್ಲರಿಗೂ ಗೊತ್ತು, ಬಿಡಿ. ನಾಯಕ ಶೈರನ್‌ನ ತಾಯಿಯ ಡ್ರಗ್ಸ್ ಚಟ, ಮಯಾಮಿಯ ಲಿಬರ್ಟಿ ಸಿಟಿಯ ಬಡತನ, ಶಾಲೆಯಲ್ಲಿ ತಿಂದ ಏಟು, ಎಲ್ಲ ಬಂದಿದೆ. ಡೈನರ್ (ಸಣ್ಣ ಹೋಟೆಲ್) ದೃಶ್ಯ ಮಾತ್ರ ಬಂದಿಲ್ಲ! ಎಷ್ಟೋ ವರ್ಷದ ಮೇಲೆ ಹಳೆಯ ಗೆಳೆಯ ಕೆವಿನ್ ಒಂದು ಫೋನ್ ಮಾಡುತ್ತಾನೆ, ಅಷ್ಟಕ್ಕೇ ಈಗ ಡ್ರಗ್ಸ್ ಮಾರಿಕೊಂಡಿರುವ, ಮೈಯೆಲ್ಲ ಕಲ್ಲಿನಂತೆ ಬೆಳೆಸಿಕೊಂಡ ಶೈರನ್ ಅಟ್ಲಾಂಟಾದಿಂದ ಕಾರು ಓಡಿಸಿಕೊಂಡು ಬರುತ್ತಾನೆ. ಕೆವಿನ್ ಅವನಿಗಾಗಿ ಅಡುಗೆ ಮಾಡುತ್ತಾನೆ. ಕೋಳಿ, ಕಪ್ಪು ಹುರುಳಿಕಾಯಿ ಬೀಜ, ಅನ್ನ. ಆ ಅನ್ನವನ್ನು ತಟ್ಟೆಗೆ ಅಚ್ಚುಕಟ್ಟಾಗಿ ಕವುಚಿ, ಮೇಲೆ ಕೊತ್ತಂಬರಿ ಸೊಪ್ಪು ಉದುರಿಸುವ ಕೈಯನ್ನು ಕ್ಯಾಮೆರಾ ನಿಧಾನವಾಗಿ, ಹತ್ತಿರದಿಂದ ನೋಡುತ್ತದೆ. ತಿನ್ನುವ ಮುಂಚೆ ಶೈರನ್ ಹಲ್ಲಿಗೆ ಹಾಕಿಕೊಂಡ ಚಿನ್ನದ ಕವಚ ತೆಗೆದಿಡುತ್ತಾನೆ. ಜೂಕ್‌ಬಾಕ್ಸಿನಲ್ಲಿ ಬಾರ್ಬರಾ ಲೂಯಿಸ್‌ಳ ಹಳೆಯ ಹಾಡು. ‘ಪ್ರೀತಿ’ ಅನ್ನುವ ಮಾತೇ ಇಲ್ಲದೆ ಇಡೀ ಪ್ರೀತಿ ಅಲ್ಲಿದೆ. ನೀವು ಅದನ್ನು ದಾಟಿ ‘ಕಪ್ಪು ಪುರುಷತ್ವದ ಬಿಕ್ಕಟ್ಟು’ ಎಂಬ ಉಪಶೀರ್ಷಿಕೆಗೆ ಹೋಗಿಬಿಟ್ಟಿದ್ದೀರಿ. ಆ ಬಿಕ್ಕಟ್ಟು ಇರುವುದೇ ಹಲ್ಲಿನಿಂದ ತೆಗೆದ ಆ ಚಿನ್ನದಲ್ಲಿ.

ಇನ್ನು ಇಂಥ ಪ್ರೇಮ ‘ಇತಿಹಾಸದಲ್ಲಿ ಮೊದಲ ಬಾರಿಗೆ’ ಬಂತು ಎಂಬ ನಿಮ್ಮ ಮಾತು. ದಯವಿಟ್ಟು ತೆಗೆಯಿರಿ. 1926ರಲ್ಲೇ, ನ್ಯೂಯಾರ್ಕಿನ ಹಾರ್ಲೆಮ್‌ನ ಕಪ್ಪು ಲೇಖಕರು ಸೇರಿ ತಂದ ‘ಫೈರ್‌!!’ ಪತ್ರಿಕೆಯಲ್ಲಿ, ಆಗ ಇಪ್ಪತ್ತರ ಹುಡುಗ ರಿಚರ್ಡ್ ಬ್ರೂಸ್ ನ್ಯೂಜೆಂಟ್ ಒಂದು ಕಥೆ ಬರೆದಿದ್ದ. ಅಲೆಕ್ಸ್ ಎಂಬ ಯುವಕ ಹಾಸಿಗೆಯಲ್ಲಿ ಮಲಗಿ ಸಿಗರೇಟು ಸೇದುತ್ತ ಯೋಚಿಸುತ್ತಾನೆ, ಒಬ್ಬ ಗಂಡಸನ್ನೂ ಒಬ್ಬ ಹೆಂಗಸನ್ನೂ ಒಟ್ಟಿಗೆ ಪ್ರೀತಿಸುತ್ತಾನೆ. ಕಥೆ ತುಂಬ ಬರೀ ಚುಕ್ಕಿಗಳು, ವಾಕ್ಯ ವಾಕ್ಯಕ್ಕೂ ಹೊಗೆ ಬಿಟ್ಟ ಹಾಗೆ. ಪತ್ರಿಕೆ ಒಂದೇ ಸಂಚಿಕೆಗೆ ನಿಂತುಹೋಯಿತು. ಆದರೆ ಕಥೆ ಉಳಿದಿದೆ, ಅದರಲ್ಲಿ ಯಾರೂ ಪ್ರೀತಿಸಿದ್ದಕ್ಕೆ ಕ್ಷಮೆ ಕೇಳುವುದಿಲ್ಲ.

ಜೇಮ್ಸ್ ಬಾಲ್ಡ್‌ವಿನ್ ವಿಷಯದಲ್ಲಿ ಮಾತ್ರ ನನಗೆ ಸ್ವಲ್ಪ ಸಿಟ್ಟೇ ಬಂತು. ‘ಜೊವಾನೀಸ್ ರೂಮ್‌ನಲ್ಲಿ ಕಪ್ಪು ಗೇ ಪ್ರೇಮವನ್ನು ಧೈರ್ಯವಾಗಿ ಚಿತ್ರಿಸಿದ’ ಅಂತ ಬರೆದಿದ್ದೀರಿ. ಪುಸ್ತಕ ಓದಿದ್ದೀರಾ? ನೇರವಾಗಿ ಕೇಳುತ್ತಿದ್ದೇನೆ, ಬೇಜಾರು ಮಾಡಿಕೊಳ್ಳಬೇಡಿ. 1956ರ ಆ ಕಾದಂಬರಿಯ ಡೇವಿಡ್ ಬಿಳಿಯ ಅಮೆರಿಕನ್, ಜೊವಾನಿ ಇಟಲಿಯವನು, ಕಥೆ ನಡೆಯುವುದು ಪ್ಯಾರಿಸ್‌ನಲ್ಲಿ. ಆ ಹೊತ್ತಿನಲ್ಲಿ ಗೇ ಪ್ರೇಮ, ಕಪ್ಪು ಜನರ ಪ್ರಶ್ನೆ ಎರಡೂ ಭಾರ ಒಟ್ಟಿಗೆ ಹೊರಲು ತನ್ನಿಂದ ಆಗುತ್ತಿರಲಿಲ್ಲ ಎಂಬರ್ಥದಲ್ಲಿ ಬಾಲ್ಡ್‌ವಿನ್ನೇ ಆಮೇಲೆ ಹೇಳಿಕೊಂಡಿದ್ದಾನೆ. ನಿಮ್ಮ ಲೇಖನಕ್ಕೆ ಇದಕ್ಕಿಂತ ಒಳ್ಳೆಯ ವಸ್ತು ಬೇಕೇ? ಹಾರ್ಲೆಮ್‌ನಲ್ಲಿ ಹುಟ್ಟಿದ ಕಪ್ಪು ಗೇ ಲೇಖಕ ತನ್ನ ಈ ಪ್ರೇಮವನ್ನು ಮೊದಲು ಬಿಳಿಯರ ಮೈಯಲ್ಲಿಟ್ಟು ಹೇಳಬೇಕಾಯಿತು ಅನ್ನುವುದೇ ದೊಡ್ಡ ಸಂಗತಿ. ಅಲ್ಲಿಂದ 1979ರ ‘ಜಸ್ಟ್ ಅಬೌವ್ ಮೈ ಹೆಡ್’ಗೆ ಬನ್ನಿ. ಇಲ್ಲಿ ಆರ್ಥರ್ ಎಂಬ ಕಪ್ಪು ಗಾಸ್ಪೆಲ್ (ಚರ್ಚಿನ ಭಕ್ತಿಗೀತೆ) ಗಾಯಕ ಗಂಡಸರನ್ನೇ ಪ್ರೀತಿಸುತ್ತಾನೆ, ಅವನ ಕಥೆ ಹೇಳುವವನು ಅವನ ಅಣ್ಣ ಹಾಲ್. ತಮ್ಮ ಸತ್ತಿದ್ದಾನೆ. ಶಾಲೆಯಲ್ಲಿ ಹುಡುಗರು ಆಡಿಕೊಂಡಿದ್ದನ್ನು ಕೇಳಿ ಹಾಲ್‌ನ ಮಗ ಬಂದು, ಚಿಕ್ಕಪ್ಪ ಅಂಥವನಾ ಅಂತ ಅಪ್ಪನನ್ನೇ ಕೇಳುತ್ತಾನೆ. ಹಾಲ್ ಮುಚ್ಚಿಡುವುದಿಲ್ಲ. ಮಗನಿಗೆ ಇದ್ದದ್ದನ್ನು ಇದ್ದ ಹಾಗೆ ಹೇಳುತ್ತಾನೆ. ಆ ಅಧ್ಯಾಯ ಓದಿ, ಅದರ ಬಗ್ಗೆ ಒಂದು ಪುಟ ಬರೆಯಿರಿ. ಇಡೀ ಲೇಖನದ ಬೆನ್ನೆಲುಬು ಅದೇ ಆಗಬಹುದು.

ಮಾರ್ಲನ್ ರಿಗ್ಸ್‌ನ ‘ಟಂಗ್ಸ್ ಅನ್‌ಟೈಡ್’ (1989), ಐಸಾಕ್ ಜೂಲಿಯನ್‌ನ ‘ಲುಕಿಂಗ್ ಫಾರ್ ಲ್ಯಾಂಗ್‌ಸ್ಟನ್’ ಸಿನಿಮಾಗಳ ಹೆಸರುಗಳನ್ನು ಸುಮ್ನೆ ಪಟ್ಟಿಗೆ ಸೇರಿಸಿದ್ದೀರಿ. ಒಂದೋ ನೋಡಿ ಬರೆಯಿರಿ, ಇಲ್ಲವೇ ಬಿಟ್ಟುಬಿಡಿ. ನೋಡುವುದಾದರೆ ರಿಗ್ಸ್‌ನದು ನೋಡಿ. ಕಪ್ಪು ಗಂಡಸರು ಕಪ್ಪು ಗಂಡಸರನ್ನು ಪ್ರೀತಿಸುವುದೇ ಕ್ರಾಂತಿ ಅಂತ ಆ ಚಿತ್ರ ಬಾಯಿಬಿಟ್ಟು ಹೇಳುತ್ತದೆ. 1991ರಲ್ಲಿ ಅಮೆರಿಕದ ಸಾರ್ವಜನಿಕ ಟೀವಿಯಲ್ಲಿ ಬಂದಾಗ ಎಷ್ಟೋ ಕೇಂದ್ರಗಳು ಅದನ್ನು ತೋರಿಸಲಿಲ್ಲ.

ಕೊನೆಯ ಪ್ಯಾರಾ ಪೂರ್ತಿ ಹೊಡೆದುಹಾಕಿ. ‘ಕನ್ನಡದಲ್ಲಿ ಇಂಥದ್ದು ಬಂದೇ ಇಲ್ಲ’ ಅನ್ನುವುದು ತಪ್ಪು, ವಸುಧೇಂದ್ರರ ಕಥಾಸಂಕಲನ ‘ಮೋಹನಸ್ವಾಮಿ’ 2013ರಲ್ಲೇ ಬಂತು. ‘ಅಲ್ಲಿಯ ಕಪ್ಪು ಜನ, ಇಲ್ಲಿಯ ದಲಿತರು ಒಂದೇ’ ಅಂತ ಒಂದೇ ಸಾಲಲ್ಲಿ ಮುಗಿಸಿದ್ದೂ ಸರಿಯಿಲ್ಲ. ಅದನ್ನು ಹೇಳಲೇಬೇಕು ಅನ್ನಿಸಿದರೆ ಬೇರೆ ಲೇಖನ ಬರೆಯಿರಿ, ಆರಾಮಾಗಿ, ಜಾಸ್ತಿ ಓದಿಕೊಂಡು.

ಭಾಷೆಗೆ ಏನೂ ಹೇಳುವುದಿಲ್ಲ. ನಿಮ್ಮ ವಾಕ್ಯ ಚೆನ್ನಾಗಿವೆ, ಭಾರದ ಪದ ಇಳಿಸಿದರೆ ಸಾಕು. ಮೊದಲ ಎರಡು ಪುಟ ಬಿಟ್ಟು ಡೈನರ್‌ನಿಂದಲೇ ಶುರುಮಾಡಿ, 1200 ಪದದೊಳಗೆ ತನ್ನಿ. ಮತ್ತೆ, ಯೂನಿಕೋಡ್‌ನಲ್ಲೇ ಕಳಿಸಿ. ಈ ಸಲದ ಫೈಲ್ ತೆರೆದರೆ ಅರ್ಧ ಒತ್ತಕ್ಷರ ಮಾಯವಾಗಿದ್ದವು, ಬಾಲ್ಡ್‌ವಿನ್ ಯಾರು ಅಂತ ಗೊತ್ತಾಗಲು ಸ್ವಲ್ಪ ಹೊತ್ತೇ ಹಿಡಿಯಿತು.