ಹತ್ತು ಚೆನ್ನಾಗಿವೆ, ಹನ್ನೊಂದನೆಯದು?

ಆಳಂದದ ಓದುಗರೊಬ್ಬರು ಬೇಜಾರಿನಿಂದ ಬರೆದಿದ್ದಾರೆ: "ನನ್ನ ತಮ್ಮ ಕಳಿಸಿದ ಹತ್ತು ಕಾಮಿಕ್ ಸ್ಟ್ರಿಪ್ ಚೆನ್ನಾಗಿವೆ ಅಂತ ನೀವೇ ಹೇಳಿದ್ರಿ. ಮತ್ತೆ ಇನ್ನೂ ಮೂವತ್ತು ಕಳಿಸು ಅಂದ್ರೆ ಹೆಂಗ್ರೀ? ಹಾಕೋ ಮನಸ್ಸಿಲ್ಲ ಅಂದ್ರೆ ನೇರ ಹೇಳ್ರಿ."

ಮನಸ್ಸಿದೆ ಸರ್. ತೊಗರಿ ಹೊಲದ ಅಜ್ಜನ ಸ್ಟ್ರಿಪ್ ನೋಡಿ ಕಚೇರಿಯಲ್ಲಿ ಎಲ್ಲರೂ ನಕ್ಕೆವು. ಮೋಡ ಕಂಡ ಅಜ್ಜ ಕೊಡೆ ತರಿಸುತ್ತಾನೆ. ಮೂರನೇ ಚೌಕದಲ್ಲಿ ಮೋಡ ಮಾಯ. ಅಜ್ಜ ಅದೇ ಕೊಡೆ ಬಿಚ್ಚಿ ಬಿಸಿಲಿಗೆ ಹಿಡಿದು ಕೂತಿದ್ದಾನೆ! ಕಲಬುರಗಿಯ ಬೇಸಿಗೆ ಕಂಡವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಆದರೆ ಏಳನೇ ಸ್ಟ್ರಿಪ್‌ನಲ್ಲೂ ಅದೇ ಕೊಡೆ, ಅದೇ ಬಿಸಿಲು. ಒಂಬತ್ತರಲ್ಲೂ ಅದೇ. ನಮ್ಮ ಚಿಂತೆ ಅಲ್ಲಿ ಶುರುವಾಯಿತು. ಹನ್ನೊಂದನೆಯದರಿಂದಾಚೆ ಹೊಸತು ಬರುತ್ತದಾ ಅಂತ ನೋಡಲೆಂದೇ ಇನ್ನೂ ಮೂವತ್ತು ಕೇಳಿದ್ದು.

ಅಮೆರಿಕದ ಚಾರ್ಲ್ಸ್ ಶುಲ್ಜ್ ಹೆಸರು ನೀವು ಕೇಳಿರಬಹುದು. ಹುಡುಗ ಚಾರ್ಲಿ ಬ್ರೌನ್, ನಾಯಿ ಸ್ನೂಪಿ ಇರುವ 'ಪೀನಟ್ಸ್' ಸ್ಟ್ರಿಪ್ ಬರೆದವರು. ಕ್ಷೌರಿಕರ ಮಗ. ಚಿತ್ರ ಕಲಿತದ್ದು ಅಂಚೆ ಮೂಲಕ. ಶಾಲೆಯ ವಾರ್ಷಿಕ ಸಂಚಿಕೆಗೆ ಕೊಟ್ಟ ಚಿತ್ರಗಳೂ ಅಚ್ಚಾಗಲಿಲ್ಲ. 1950ರ ಅಕ್ಟೋಬರ್ 2ರಂದು ಅವರ ಸ್ಟ್ರಿಪ್ ಶುರುವಾದಾಗ ಹಾಕಿದ್ದು ಬರೀ 7 ಪತ್ರಿಕೆಗಳು. 'ಪೀನಟ್ಸ್' ಅನ್ನೋ ಹೆಸರೂ ಅವರಿಗೆ ಹಿಡಿಸಿರಲಿಲ್ಲ, ಸ್ಟ್ರಿಪ್ಪನ್ನು ಪತ್ರಿಕೆಗಳಿಗೆ ಹಂಚುವ ಕಂಪನಿಯೇ ಇಟ್ಟದ್ದು. ಕೊನೆಗೆ 2,600ಕ್ಕೂ ಹೆಚ್ಚು ಪತ್ರಿಕೆಗಳಿಗೆ ಹೋಗುತ್ತಿತ್ತು. ಒಟ್ಟು 17,897 ಸ್ಟ್ರಿಪ್. ಮಾತು, ಗೆರೆ, ಅಕ್ಷರ ಎಲ್ಲ ಸ್ವಂತ ಕೈಯದೇ, ಸಹಾಯಕರಿಲ್ಲ. ವಯಸ್ಸಾಗಿ ಕೈ ನಡುಗಿ ಗೆರೆ ಅಲುಗಿದರೂ ಪೆನ್ನು ಬೇರೆಯವರಿಗೆ ಕೊಡಲಿಲ್ಲ.

ಶುಲ್ಜ್ ಕೂಡ ಒಂದೇ ತಮಾಷೆಯನ್ನು ಮತ್ತೆ ಮತ್ತೆ ಬರೆದರು, ಅಲ್ವಾ ಅಂತ ನೀವು ಕೇಳಬಹುದು. ಹೌದು. ಅದರಲ್ಲಿ ಲೂಸಿ ಅನ್ನೋ ಹುಡುಗಿ ಚೆಂಡು ಹಿಡಿದಿರುತ್ತಾಳೆ, ಚಾರ್ಲಿ ಒದೆಯಲು ಓಡಿ ಬರುತ್ತಾನೆ, ಅವಳು ಸರ್ರನೆ ಎಳೆದುಕೊಳ್ಳುತ್ತಾಳೆ, ಅವನು ಅಂಗಾತ ಬೀಳುತ್ತಾನೆ. 1952ರಿಂದ ದಶಕಗಟ್ಟಲೆ ಇದೇ ಆಟ. ಆದರೆ ಅವನನ್ನು ನಂಬಿಸಲು ಲೂಸಿ ಪ್ರತಿ ಸಲ ಹೊಸ ಮಾತು ಹುಡುಕುತ್ತಾಳೆ. ಬೀಳುತ್ತಾನೆ ಅಂತ ಗೊತ್ತು, ಈ ಸಲ ಹೇಗೆ ಮರುಳಾಗುತ್ತಾನೆ ಅಂತ ನೋಡಲು ಓದುಗ ಪುಟ ತೆರೆಯುತ್ತಾನೆ. ನಿಮ್ಮ ತಮ್ಮನ ಅಜ್ಜನ ಕೈಲೂ ಕೊಡೆ ಇರಲಿ, ಬೇಡ ಅನ್ನಲ್ಲ. ಪ್ರತಿ ಸಲ ಅದನ್ನು ಬಿಚ್ಚಲು ಬೇರೆ ಕಾರಣ ಬೇಕು.

ದುಡ್ಡಿನ ಮಾತು: ಶುಲ್ಜ್‌ಗೆ ಒಂದೇ ಸ್ಟ್ರಿಪ್‌ಗೆ ಸಾವಿರಾರು ಪತ್ರಿಕೆಗಳಿಂದ ಹಣ ಬರುತ್ತಿತ್ತು. ನಮ್ಮಂಥ ಸಣ್ಣ ಪತ್ರಿಕೆ ಕೊಡುವ ಗೌರವಧನದಲ್ಲಿ ಸಂಸಾರ ನಡೆಯಲ್ಲ. ಡಿಗ್ರಿ ಬಿಡಬೇಡ ಅಂತ ತಮ್ಮನಿಗೆ ಹೇಳಿ.

ಮೂವತ್ತು ಒಟ್ಟಿಗೇ ಬರಬೇಕಿಲ್ಲ, ಐದೈದೇ ಕಳಿಸಲಿ. ಅಕ್ಷರ ಮಾತ್ರ ಸ್ವಲ್ಪ ದಪ್ಪ ಇರಲಿ. ಪುಟಕ್ಕೆ ಕುಗ್ಗಿಸಿದಾಗ ಅಜ್ಜ ಕಾಣುತ್ತಾನೆ, ಅವನ ಮಾತು ಕಾಣಲ್ಲ.

-ಸಂ.