ಆಶ್‌ಬರ್ನ್‌ನ ಜನ, ಆಶ್‌ಬರ್ನ್‌ನ ಮತ

ಓದುಗರ ಪತ್ರ: ಮಗಳು, ಅಳಿಯ ಹನ್ನೊಂದು ವರ್ಷದಿಂದ ವರ್ಜೀನಿಯಾದ ಆಶ್‌ಬರ್ನ್‌ನಲ್ಲಿದ್ದಾರೆ. ಅಲ್ಲಿನ 10ನೇ ಕಾಂಗ್ರೆಸ್ (ಅಮೆರಿಕದ ಸಂಸತ್ತು) ಕ್ಷೇತ್ರದಲ್ಲಿ ಸುಹಾಸ್ ಸುಬ್ರಮಣ್ಯಂ ಗೆದ್ದಿದ್ದು ಭಾರತೀಯರ ಮತದಿಂದ ಎಂದು ನಿಮ್ಮ ಪತ್ರಿಕೆಯಲ್ಲಿ ಓದಿದೆ. ಆದರೆ ಮಗಳ ಮನೆಯಲ್ಲಿ ಯಾರಿಗೂ ಓಟಿಲ್ಲ. ಇದು ಯಾವ ಲೆಕ್ಕ? – ಶಿವಮೊಗ್ಗದ ಓದುಗರು

ಮಾನ್ಯರೇ, ನೀವು ಹಿಡಿದ ತಪ್ಪು ನಿಜವಾದದ್ದೇ. ಆ ಸಾಲನ್ನು ನಾವು ಬರೆಯಬಾರದಿತ್ತು. ಜನಸಂಖ್ಯೆಯ ಪಾಲನ್ನೇ ಮತದ ಪಾಲು ಎಂದುಕೊಂಡಿದ್ದು ನಮ್ಮ ಎಡವಟ್ಟು.

ಮೊದಲು ಕ್ಷೇತ್ರ ನೋಡೋಣ. 2020ರ ಜನಗಣತಿಯ ಪ್ರಕಾರ ವರ್ಜೀನಿಯಾದಲ್ಲಿ 86,31,393 ಜನ. ಇರುವುದು 11 ಕ್ಷೇತ್ರ. ಅಂದರೆ ತಲಾ ಸುಮಾರು 7.85 ಲಕ್ಷ. ಹತ್ತು ವರ್ಷಕ್ಕೊಮ್ಮೆ ಗಡಿ ಅಳಿಸಿ ಬರೆಯುವುದರಿಂದ ಈ ಸಮಾನತೆ ಉಳಿಯುತ್ತದೆ. ನಮ್ಮಲ್ಲಿ ಬೆಂಗಳೂರು ಉತ್ತರದ ಮತದಾರರು ಮೂವತ್ತು ಲಕ್ಷ ದಾಟಿದ್ದರೂ ಉಡುಪಿ-ಚಿಕ್ಕಮಗಳೂರಿನಲ್ಲಿ ಅದರ ಅರ್ಧದಷ್ಟು ಮಾತ್ರ ಇರುವುದನ್ನು ನೆನೆದರೆ ವ್ಯತ್ಯಾಸ ತಿಳಿಯುತ್ತದೆ.

10ನೇ ಕ್ಷೇತ್ರದ ಅರ್ಧಕ್ಕಿಂತ ಹೆಚ್ಚು ಜನ ಇರುವುದು ಲೌಡನ್ ಕೌಂಟಿಯಲ್ಲಿ (ಕೌಂಟಿ ಎಂದರೆ ನಮ್ಮ ಜಿಲ್ಲೆಯಂತೆ). 1990ರಲ್ಲಿ 86,129 ಇದ್ದ ಅಲ್ಲಿನ ಜನಸಂಖ್ಯೆ 2020ಕ್ಕೆ 4,20,959 ಆಯಿತು. ಡಲೆಸ್ (Dulles) ವಿಮಾನ ನಿಲ್ದಾಣ, ಆಶ್‌ಬರ್ನ್‌ನ ಡೇಟಾ ಸೆಂಟರ್‌ಗಳು, ವಾಷಿಂಗ್ಟನ್‌ನ ಸರ್ಕಾರಿ ನೌಕರಿ, ಸರ್ಕಾರಕ್ಕೆ ಗುತ್ತಿಗೆ ಕೆಲಸ ಮಾಡುವ ಕಂಪನಿಗಳು, ಇವೆಲ್ಲ ಸೇರಿ ಬೆಳೆಸಿದ ಊರುಗಳಿವು. 2022ರ ನವೆಂಬರ್‌ನಲ್ಲಿ ಮೆಟ್ರೋ ಕೂಡ ಆಶ್‌ಬರ್ನ್‌ವರೆಗೆ ಬಂತು. ಮನೆಯ ಸರಾಸರಿ ಆದಾಯದಲ್ಲಿ ಲೌಡನ್ ಇಡೀ ಅಮೆರಿಕದ ಮುಂಚೂಣಿಯಲ್ಲಿದೆ. ಅಲ್ಲಿ ಐವರಲ್ಲಿ ಒಬ್ಬರು ಏಷ್ಯಾ ಮೂಲದವರು, ಅವರಲ್ಲಿ ಭಾರತೀಯರೇ ಹೆಚ್ಚು. ಆದರೆ ಅದೇ ಕೌಂಟಿಯ ಪಶ್ಚಿಮಕ್ಕೆ ಮಿಡಲ್‌ಬರ್ಗ್ ಕಡೆ ಹೋದರೆ ಕುದುರೆ ಲಾಯ, ದ್ರಾಕ್ಷಿ ತೋಟ. ಅದರಾಚೆಗೆ ಫಾಕಿಯರ್ ಕೌಂಟಿ. ಅದೂ ದಾಟಿದರೆ ಏಳು ಸಾವಿರ ಚಿಲ್ಲರೆ ಜನರ ರ‍್ಯಾಪಹ್ಯಾನಕ್. ಮನಾಸಸ್ ಊರಿನಲ್ಲಿ ಹತ್ತರಲ್ಲಿ ನಾಲ್ವರು ಲ್ಯಾಟಿನೋ ಜನ. ಇವೆಲ್ಲವೂ ಒಂದೇ ಕ್ಷೇತ್ರ.

ಈಗ ನಿಮ್ಮ ಮಗಳ ಮನೆಗೆ ಬರೋಣ. ತಲೆ ಎಣಿಕೆಯಿಂದ ಮತ ಎಣಿಕೆಗೆ ಇಳಿಯುವಾಗ ಮೆಟ್ಟಿಲು ಮೆಟ್ಟಿಲಿಗೂ ಭಾರತೀಯರ ಸಂಖ್ಯೆ ಸೋರುತ್ತದೆ. ಗಣತಿ ಎಲ್ಲರನ್ನೂ ಎಣಿಸುತ್ತದೆ: ತಾತ್ಕಾಲಿಕ ನೌಕರಿಯ ಎಚ್-1ಬಿ ವೀಸಾದವರನ್ನು, ಗ್ರೀನ್ ಕಾರ್ಡ್‌ನವರನ್ನು, ತೊಟ್ಟಿಲ ಮಗುವನ್ನೂ. ಮತ ಇರುವುದು 18 ತುಂಬಿದ ಪ್ರಜೆಗಳಿಗೆ ಮಾತ್ರ. ನೌಕರಿಯ ಮೇಲೆ ಕೊಡುವ ಗ್ರೀನ್ ಕಾರ್ಡ್‌ಗಳಲ್ಲಿ ಒಂದು ದೇಶಕ್ಕೆ ಶೇ. 7ರ ಮಿತಿ ಇರುವುದರಿಂದ ಭಾರತೀಯರ ಸರದಿ ಹತ್ತಾರು ವರ್ಷ ಉದ್ದ. ಕಾರ್ಡ್ ಬಂದ ಮೇಲೂ ಪ್ರಜೆಯಾಗಲು ಸಾಮಾನ್ಯವಾಗಿ ಐದು ವರ್ಷ ಕಾಯಬೇಕು. ಇನ್ನು ಅಲ್ಲೇ ಹುಟ್ಟಿ ಪ್ರಜೆಗಳಾದ ಮಕ್ಕಳಲ್ಲಿ ಬಹುಪಾಲು ಇನ್ನೂ ಶಾಲೆಯಲ್ಲಿದ್ದಾರೆ.

ಲೆಕ್ಕವನ್ನು ನೀವೇ ಹಾಕಬಹುದು. ಅಮೆರಿಕದ ಸೆನ್ಸಸ್ ಬ್ಯೂರೋದ ಜಾಲತಾಣದಲ್ಲಿ ಕಮ್ಯುನಿಟಿ ಸರ್ವೇಯ ಬಿ02015 ಕೋಷ್ಟಕ ತೆರೆದು ಭಾರತೀಯರ ಸಂಖ್ಯೆ ನೋಡಿ. ಆಮೇಲೆ ಬಿ05003ಡಿ ನೋಡಿ, ಅದರಲ್ಲಿ ಏಷ್ಯನ್ನರ ವಯಸ್ಸು ಮತ್ತು ಪೌರತ್ವ ಸಿಗುತ್ತದೆ. ಐದು ವರ್ಷದ ಸರಾಸರಿಯನ್ನೇ ಆರಿಸಿಕೊಳ್ಳಿ, ಒಂದು ವರ್ಷದ್ದರಲ್ಲಿ ಸ್ಯಾಂಪಲ್ ಚಿಕ್ಕದು. ಪಕ್ಕದಲ್ಲಿ ಕೊಟ್ಟಿರುವ ಹೆಚ್ಚು-ಕಡಿಮೆಯ ಅಂಕಿಯನ್ನು (ಮಾರ್ಜಿನ್ ಆಫ್ ಎರರ್) ಬಿಡಬೇಡಿ. ಕೋಷ್ಟಕದಲ್ಲಿರುವುದು ಎಷ್ಟನೇ ಕಾಂಗ್ರೆಸ್ಸಿನ (ಎರಡು ವರ್ಷದ ಅವಧಿಯ ಸಂಸತ್ತಿನ) ಗಡಿ ಎಂಬುದನ್ನಂತೂ ನೋಡಲೇಬೇಕು. ಏಕೆಂದರೆ 2021ರ ಕೊನೆಯಲ್ಲಿ, ಗಡಿ ಆಯೋಗ ಒಮ್ಮತಕ್ಕೆ ಬಾರದೆ, ರಾಜ್ಯದ ಸುಪ್ರೀಂ ಕೋರ್ಟೇ ಹೊಸ ನಕ್ಷೆ ಮಾಡಿತು. ಹಳೆಯ 10ರಲ್ಲಿದ್ದ ವಿಂಚೆಸ್ಟರ್ ಹೊರಗೆ ಹೋಯಿತು, ಫಾಕಿಯರ್ ಒಳಗೆ ಬಂತು. ಸಂಖ್ಯೆ ಅದೇ, ನೆಲ ಬೇರೆ. ಹಾಗಾಗಿ ಸುಬ್ರಮಣ್ಯಂಗಿಂತ ಮುಂಚೆ ಇದೇ ಕ್ಷೇತ್ರದ ಸದಸ್ಯೆಯಾಗಿದ್ದ ಡೆಮಾಕ್ರಟ್ ಪಕ್ಷದ, 2018ರಲ್ಲಿ ಜೆನಿಫರ್ ವೆಕ್ಸ್‌ಟನ್ ಸುಮಾರು 12 ಶೇಕಡಾ ಅಂಶದ ಅಂತರದಿಂದ ಗೆದ್ದು 2022ರಲ್ಲಿ ಸುಮಾರು 6.5ಕ್ಕೆ ಇಳಿದರು ಎಂದು ಪಕ್ಕಪಕ್ಕ ಇಟ್ಟು ಹೇಳಿದರೆ ಅದು ಅರ್ಧ ಸತ್ಯ.

ಪಕ್ಷದ ಬಲ ಅಳೆಯುವುದೂ ಸುಲಭವಲ್ಲ. ವರ್ಜೀನಿಯಾದ ಮತದಾರರ ಪಟ್ಟಿಯಲ್ಲಿ ಪಕ್ಷವೂ ಇಲ್ಲ, ಜನಾಂಗವೂ ಇಲ್ಲ. ಗಡಿ ಬದಲಾಗದ ಲೌಡನ್ ಕೌಂಟಿಯ ಫಲಿತಾಂಶವೇ ಒಳ್ಳೆಯ ಅಳತೆಗೋಲು. 2004ರಲ್ಲಿ ಅಲ್ಲಿ ಬುಷ್ ಗೆದ್ದರು. 1964ರ ನಂತರ ಅಲ್ಲಿ ಗೆದ್ದ ಮೊದಲ ಡೆಮಾಕ್ರಟ್ 2008ರ ಒಬಾಮಾ. 2020ರಲ್ಲಿ ಬೈಡನ್ ಶೇ. 60 ದಾಟಿದರು. ಮರುವರ್ಷದ ಗವರ್ನರ್ ಚುನಾವಣೆಯಲ್ಲಿ ಅದೇ ಪಕ್ಷಕ್ಕೆ ಬಂದದ್ದು ಸುಮಾರು 55. ಯಾರ ಜೇಬಿಗೂ ಬೀಳದ ಮತಗಳು ಅಲ್ಲಿ ಬೇಕಾದಷ್ಟಿವೆ.

ಹಾಗಾದರೆ ಸುಬ್ರಮಣ್ಯಂ ಗೆಲುವಿನಲ್ಲಿ ಭಾರತೀಯರ ಪಾತ್ರವೇ ಇಲ್ಲವೇ? ಇದ್ದರೆ ಅದನ್ನು ಹುಡುಕಬೇಕಾದದ್ದು ನವೆಂಬರ್‌ನಲ್ಲಲ್ಲ, 2024ರ ಜೂನ್ 18ರ ಡೆಮಾಕ್ರಟಿಕ್ ಪ್ರೈಮರಿಯಲ್ಲಿ, ಅಂದರೆ ಪಕ್ಷದ ಅಭ್ಯರ್ಥಿಯನ್ನು ಆರಿಸುವ ಒಳಚುನಾವಣೆಯಲ್ಲಿ. ಕಣದಲ್ಲಿ ಹನ್ನೆರಡು ಜನ. ಎರಡನೇ ಸುತ್ತಿಲ್ಲ, ಹೆಚ್ಚು ಮತ ಪಡೆದವರೇ ಅಭ್ಯರ್ಥಿ. ಇವರಿಗೆ ಸಿಕ್ಕಿದ್ದು ಶೇ. 30ರ ಆಸುಪಾಸು, ಅಷ್ಟೇ ಸಾಕಾಯಿತು. ಮತಗಟ್ಟೆಗೆ ಬರುವವರು ಕಡಿಮೆ, ಮತ ಹನ್ನೆರಡು ಪಾಲು ಎಂದಾದಾಗ ಒಂದು ಸಣ್ಣ ಸಮುದಾಯದ ಒಗ್ಗಟ್ಟಿಗೂ, ಅದರ ದೇಣಿಗೆಗೂ ತೂಕ ಬರುತ್ತದೆ. ದೇಣಿಗೆ ಕೊಡಲು ಗ್ರೀನ್ ಕಾರ್ಡ್ ಸಾಕು, ಓಟಿಗೆ ಸಾಲದು. ಎಚ್-1ಬಿಯವರಿಗೆ ಎರಡೂ ಇಲ್ಲ.

ತಂದೆ-ತಾಯಿ ಬೆಂಗಳೂರಿನವರು ಎಂಬ ಕಾರಣಕ್ಕೆ ಸುಬ್ರಮಣ್ಯಂ ಹೆಸರು ನಮಗೆ ಹತ್ತಿರ. ಬೆಳಗಾವಿಯಲ್ಲಿ ಬೆಳೆದ ಶ್ರೀ ಥಾನೇದಾರ್ ಅವರೂ ಅದೇ ಸಂಸತ್ತಿನಲ್ಲಿದ್ದಾರೆ. ಅವರನ್ನು 2022ರಲ್ಲಿ ಆರಿಸಿದ್ದು ಕಪ್ಪು ಜನಾಂಗದ ಮತದಾರರು ದೊಡ್ಡ ಸಂಖ್ಯೆಯಲ್ಲಿರುವ ಡೆಟ್ರಾಯಿಟ್‌ನ ಕ್ಷೇತ್ರ. ಭಾರತೀಯರು ಅಲ್ಲಿ ಬೆರಳೆಣಿಕೆ.